ಗುರುಪ್ರಸಾದ್ ಕುಡಿದ ನೀರು

ಚಿಕ್ಕಯ್ಯನಛತ್ರ, ನಂಜನಗೂಡು ತಾಲ್ಲೂಕು
೨೧-೧೦-೨೦೦೧, ಭಾನುವಾರ

ಪ್ರೀತಿಯ ಜಗನ್ ಅಣ್ಣನಿಗೆ,

ಕಾಗದ ಬರೆಯಬೇಡ, ವಿಳಾಸ ಕ್ವಾರಿಯವರ ಕೈಗೆ ಸಿಕ್ಕೀತು ಎಂದು ನೀನು ಹೇಳಿದ್ದೆ. ಆದರೂ ಬರೆಯುತ್ತಿದ್ದೇನೆ, ಸಾರಿ. ಹೊಸೂರಿನ ಊಟ ಒಗ್ಗಿದೆಯಾ? ಅವರು ಹೊಡೆದ ಬೆನ್ನು ಈಗ ಹೇಗಿದೆ? ನಾನು ದಸರಾ ರಜಕ್ಕೆ ಹಾಸ್ಟೆಲಿನಿಂದ ಬಂದಿದ್ದೇನೆ. ಕೆಮಿಸ್ಟ್ರಿ ಕ್ಲಾಸು ಪೂರ್ತಿ ಇಂಗ್ಲಿಷಿನಲ್ಲೇ ಓಡುತ್ತದೆ, ಟೆಸ್ಟಿಗೆ ಉರು ಹೊಡೆಯುತ್ತಿದ್ದೇನೆ. ಅದಿರಲಿ.

ನಮ್ಮ ಕೇರಿಯ ಬಾವಿ ನೀರು ಸುಣ್ಣ ಕದಡಿದ ಹಾಗಾಗಿದೆ. ಕಲ್ಲು ಕೊಯ್ಯಲು ಬಳಸಿದ ನೀರನ್ನು ತೊಟ್ಟಿಗೆ ಬಿಟ್ಟು, ಕೆಸರು ಇಳಿಸಿ, ಮತ್ತೆ ಅದನ್ನೇ ಬಳಸಿ ಎಂದು ಅಲ್ಲೇ ಕೆಲಸಕ್ಕಿದ್ದ ನೀನು ಕ್ವಾರಿ ಓನರ್ ಗುರುಪ್ರಸಾದ್‌ಗೆ ಹೇಳಿದ್ದಕ್ಕಲ್ಲವಾ, ಪಂಪು ಕದ್ದೆ ಎಂದು ಸುಳ್ಳು ಹೊರಿಸಿ ನಿನ್ನನ್ನು ಹೊಡೆಸಿ ಓಡಿಸಿದ್ದು? ಈಗಲೂ ಬೋರಿನಿಂದ ಹೊಸ ನೀರನ್ನೇ ಎತ್ತುತ್ತಾರೆ, ಕೆಸರನ್ನು ನಮ್ಮ ಕಡೆಗೆ ಬಿಡುತ್ತಾರೆ. ತಪಾಸಣೆಗೆ ಆಫೀಸರು ಬರುವ ದಿನ ಮಾತ್ರ ತೊಟ್ಟಿಗಳಲ್ಲಿ ನೀರಿರುತ್ತದೆ.

ಗುರುವಾರ ಮೈಸೂರಿನಿಂದ ಆಫೀಸರು ಬಂದರು. ತೊಟ್ಟಿ ನೋಡಿ ಖುಷಿಯಾಗಿ ನಮ್ಮ ಬಾವಿಗೂ ಬಂದು, ನೀರೇಕೆ ಹೀಗಿದೆ ಎಂದು ಕೇಳಿದರು. ಗುರುಪ್ರಸಾದ್ ಹಲ್ಲು ಕಿರಿದು, “ಇಲ್ಲಿ ಮಣ್ಣೇ ಅಂಗೆ ಸಾ. ನೀರು ಚೆನ್ನಾಗೇ ಐತೆ. ಇವ್ರೂ ನಮ್ಮೋರೇ, ನಾವು ಭೇದ ಮಾಡೋರಲ್ಲ. ಇವ್ರ ಮನೇಲಿ ನೀರು ಕುಡೀತೀವಿ” ಎಂದ. ನಿನ್ನ ಟೀಗೆ ಬೇಲಿಯಲ್ಲಿ ಬೇರೆ ಲೋಟ ಸಿಕ್ಕಿಸಿಟ್ಟಿದ್ದವನು ಇವನೇ ಅಣ್ಣ.

ಅಜ್ಜಿ ಒಳಗೆ ಹೋಗಿ ಸ್ಟೀಲ್ ಲೋಟದ ತುಂಬ ಬಾವಿ ನೀರು ತಂದು ಕೊಟ್ಟಳು. ಅವನು ಲೋಟ ನೋಡಿದ, ಆಫೀಸರನ್ನು ನೋಡಿದ. ಬೇಡ ಎಂದರೆ ಭೇದ, ಗಲೀಜು ಎಂದರೆ ತಪ್ಪೊಪ್ಪಿಗೆ. ಕಣ್ಣು ಮುಚ್ಚಿ ಅರ್ಧ ಕುಡಿದು ಲೋಟ ಇಳಿಸಿದ. “ಉಳುಸ್ಬ್ಯಾಡಿ ಸಾಮಿ, ನಿಮ್ ಕಲ್ಲು ತಳದಲ್ಲೇ ಇರಾದು” ಎಂದಳು ಅಜ್ಜಿ. ಪೂರ್ತಿ ಕುಡಿದ. ಮೀಸೆಯಂಚಿನಲ್ಲಿ ಬಿಳಿ ಪುಡಿ ಅಂಟಿತ್ತು. ಕೇರಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಾನು ನಗಲಿಲ್ಲ. ನಾವು ಎರಡು ವರ್ಷದಿಂದ ಕುಡಿಯುತ್ತಿದ್ದೇವೆ, ಅವನದು ಒಂದು ಲೋಟ. ನನಗೆ ಅಷ್ಟು ಸಾಲದು. ಕ್ವಾರಿಗೆ ಬೀಗ ಬೀಳಬೇಕು, ನೀನು ಓಡಿದ ದಾರಿಯಲ್ಲೇ ಅವನೂ ಓಡಬೇಕು.

ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ. ರಾಗಿಹಿಟ್ಟು ಯಾರ ಕೈಲಾದರೂ ಕಳಿಸುತ್ತಾಳಂತೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಕವನ

ಮರೆತೆ: ಆಫೀಸರು ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, ಕೆಸರಿನ ಪೈಪು ಎಲ್ಲಿದೆಯೆಂದು ಯಾರಾದರೂ ಬರೆದುಕೊಟ್ಟರೆ ಅಗೆಸುತ್ತೇನೆ, ಇಪ್ಪತ್ತೊಂಬತ್ತಕ್ಕೆ ಮತ್ತೆ ಬರುತ್ತೇನೆ ಎಂದರು. ಅದನ್ನು ಹೂತಿದ್ದು ನೀನೇ ಎಂದು ಅಜ್ಜಿ ಈಗ ತಾನೇ ಬಾಯಿಬಿಟ್ಟಳು. ಅದಕ್ಕೇ ಎರಡು ವರ್ಷ ಪೈಪಿನ ಸುದ್ದಿಯನ್ನೇ ಎತ್ತಲಿಲ್ಲವಾ? ನಿನ್ನ ಮೇಲೆ ಕೋಪ ಬಂತು. ಬರೆದರೆ ನಿನ್ನ ಹೆಸರೂ ಬರುತ್ತದೆ, ಗೊತ್ತು. ಬರಲಿ. ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಆಳ ಎಂದು ಬರೆದು ಸಹಿ ಹಾಕು. ದಯವಿಟ್ಟು ಬೇಗ ಉತ್ತರ ಕಳಿಸು.