ತೊಟ್ಟಿಲ ಕೆಳಗಿನ ಪಿಸ್ತೂಲು

ಬಾದಾಮಿ, ಸೋಮವಾರ

ಅಪ್ಪಾ, ಶರಣು.

ಮುತ್ತಜ್ಜನ ಪಿಸ್ತೂಲು ಅಸಲಿಯೋ ನಕಲಿಯೋ ಎಂದು ಕೇಳಿದ್ದಿರಿ. ಕಬ್ಬಿಣವಿದ್ದರೆ ದೃಷ್ಟಿ ತಾಗದೆಂದು ಅವ್ವ ಕೂಸಿನ ತೊಟ್ಟಿಲ ಕೆಳಗಿಟ್ಟು ಹೋಗಿದ್ದಳಲ್ಲ, ನಿನ್ನೆ ಅದನ್ನು ಬಾಗಲಕೋಟೆಗೆ ಒಯ್ದೆ. ಬಂದೂಕು ರಿಪೇರಿಯ ಮೌಲಾಸಾಬರು ನಳಿಗೆಯೊಳಗೆ ಕಡ್ಡಿ ಇಳಿಸಿದರು. ಅದು ಬುಡ ಮುಟ್ಟದೆ ಎರಡು ಬೆರಳು ಮೊದಲೇ ನಿಂತಿತು.

“ಖರೇದ ಐತಿ ತಂಗಿ. ನಕಲಿಯೊಳಗ ಯಾರು ಮದ್ದು, ಗುಂಡು ತುಂಬಿಡ್ತಾರ?” ಎಂದರು.

ನಳಿಗೆಗೆ ನೀರು ಹಾಕಿ ಮದ್ದು ನೆನೆಸಿ, ಎಲ್ಲ ತೆಗೆದುಕೊಟ್ಟಿದ್ದಾರೆ. ಆದರೂ ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಲಿಲ್ಲ. ನೀವೇ ಬಂದು ಅದನ್ನು ಗುಡೂರಿನ ನಿಮ್ಮ ಮನೆಗೆ ಒಯ್ಯಿರಿ. ಕಬ್ಬಿಣ ಇರಲೇಬೇಕೆಂದರೆ ಒಂದು ಹಳೆಯ ಬೀಗ ಸಾಕು.

ಅವ್ವನಿಗೆ ಮಾತ್ರ ನಕಲಿ ಎಂದೇ ಹೇಳಿ. “ನಿನ್ನ ತೊಟ್ಟಿಲ ಕೆಳಗೂ ಇದನ್ನೇ ಇಟ್ಟಿದ್ದೆ” ಎಂದು ಅವಳು ಎಷ್ಟು ಸಲ ಹೆಮ್ಮೆಪಟ್ಟಿದ್ದಾಳೆ.

ನಿಮ್ಮ ಮಗಳು,
ಶಿವಗಂಗಾ