ಏಳನೇ ನಂಬರಿನ ಹವಳಗಳು

ಶನಿವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಈ ಬೆಳಿಗ್ಗೆ ಒಂದು ದಾರ ನೋಡಿದೆ. ಬಿಳಿ ನೈಲಾನ್ ದಾರ, ಒಂದು ಗೇಣೂ ಇಲ್ಲ. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ತೂರಿಸಿ, ಗಂಟೇ ಹಾಕದೆ ಬಿಟ್ಟಿತ್ತು. ನನ್ನ ಕೈ ತಾನಾಗಿಯೇ ಜಡೆಯ ತುದಿಗೆ ಹೋಯಿತು. ಶಾಲೆಗೆ ಹೊರಡುವಾಗ ನೀನು ನನ್ನ ಟೇಪು ಕಟ್ಟುತ್ತಿದ್ದದ್ದು ಹೀಗೆಯೇ ಅಲ್ಲವೇ? "ಗಂಟು ಹಾಕಿದ್ರೆ ಸಂಜೆ ಬಿಚ್ಚೋವಾಗ ಕೂದಲು ಕಿತ್ಕೊಂಡು ಊರೆಲ್ಲ ಒಂದು ಮಾಡ್ತೀಯ" ಅನ್ನುತ್ತಿದ್ದೆ.

ಆ ದಾರ ಎಲ್ಲಿತ್ತು ಎಂದು ಹೇಳುವ ಮೊದಲು ನಿನ್ನ ಕ್ಷಮೆ ಕೇಳಬೇಕು. ನಿನ್ನ ಪತ್ರ ಬಂದು ಮೂರು ವಾರ ದಾಟಿತು. ನೆಗಡಿಯಾಗಿತ್ತು, ಕೆಲಸ ಜಾಸ್ತಿಯಿತ್ತು ಎಂದೆಲ್ಲ ಬರೆಯಬಹುದು, ನೀನು ನಂಬುವುದಿಲ್ಲ. ಭಾನುವಾರದ ಫೋನಿನಲ್ಲಿ ಈ ವಿಷಯ ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಮ್ಮ ಪಕ್ಕದಲ್ಲೇ ಕಿವಿಯಾಗಿ ಕೂತಿರುತ್ತಾಳೆ. ಅವಳ ಮಂಡಿನೋವು ಹಾಗೇ ಇದೆ. ಮಹಡಿ ಮನೆಯವರನ್ನು ಬೈಯುವ ಉತ್ಸಾಹವೂ ಹಾಗೇ ಇದೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಕಡಲ ಬದಿಯ ಆ ಶೆಡ್ಡಿನಲ್ಲಿ ನೀವು ಹನ್ನೆರಡು ಹೆಂಗಸರು, ಗಾಜಿನ ತೊಟ್ಟಿಗಳಲ್ಲಿ ಸಾಕುವ ಜೀವಂತ ಮೆದು ಹವಳಗಳನ್ನು ನೀರು ತುಂಬಿದ ಚೀಲಕ್ಕೆ ಹಾಕಿ ಕಳಿಸುತ್ತೀರಿ. ಅವು ಬಂದಿಳಿಯುವ ಅಕ್ವೇರಿಯಂ ಅಂಗಡಿಯಲ್ಲಿ ನಾನಿದ್ದೇನೆ. "ಏಳನೇ ನಂಬರಿನ ಚೀಲಗಳೇ ಹೆಚ್ಚು ಸಾಯ್ತಿವೆ ಅಂತಾರೆ ನಮ್ಮ ಶೆಡ್ಡಿನ ಮೇಡಂ. ಏಳು ನಂದು. ತಿಂಗಳ ಕೊನೇಲಿ ನನ್ನನ್ನ ತೆಗೀತಾರಂತೆ. ನೀನು ಕಣ್ಣಾರೆ ನೋಡ್ತೀಯಲ್ಲ, ನಿಜ ಹೇಳು, ನನ್ನ ಕೈ ಕೆಟ್ಟಿದೆಯಾ?" ಎಂದು ಬರೆದಿದ್ದೆ.

ಚೀಲದ ಮೇಲಿನ ಅಂಕಿ ಯಾವುದೋ ತೊಟ್ಟಿಯ ನಂಬರು ಎಂದುಕೊಂಡಿದ್ದೆ ಅಕ್ಕಾ. ಅದು ಕಟ್ಟಿದವರ ನಂಬರು ಎಂದು ಗೊತ್ತಾದದ್ದೇ ನಿನ್ನ ಪತ್ರದಿಂದ.

ನನ್ನ ಕೆಲಸವನ್ನು ನಾನು ನಿನಗೆ ಪೂರ್ತಿ ಹೇಳಿರಲಿಲ್ಲ. ಕೊಳ್ಳುವವರಿಗೆ ಆರೈಕೆಯ ಚೀಟಿ ಬರೆಯುತ್ತೇನೆ ಎಂದಿದ್ದೆ, ನಿಜ. ಇನ್ನೊಂದೂ ಇದೆ. ಸೋಮವಾರ ಥರ್ಮಾಕೋಲ್ ಪೆಟ್ಟಿಗೆಗಳು ಬಂದ ಎರಡು ಗಂಟೆಯೊಳಗೆ ಸತ್ತ ಹವಳಗಳ ಫೋಟೋ ತೆಗೆದು, ಚೀಲದ ನಂಬರು ಹಾಕಿ, ಒಂದು ಸಾಲಿನ ವರದಿಯೊಡನೆ ನಿಮ್ಮ ಶೆಡ್ಡಿಗೆ ಕಳಿಸಬೇಕು. ಮುಂದಿನ ಪೆಟ್ಟಿಗೆಯಲ್ಲಿ ಅದಕ್ಕೆ ಪುಕ್ಕಟೆ ಬದಲಿ ಬರುತ್ತದೆ. ಮಾಲೀಕರು ಇದನ್ನು ಶ್ರದ್ಧಾಂಜಲಿ ಎನ್ನುತ್ತಾರೆ. "ಸಾಹಿತ್ಯ ಓದಿದೀಯಲ್ಲಮ್ಮ, ಓದಿದವರ ಕರುಳು ಚುರ್ ಅನ್ನೋ ಹಾಗೆ ಬರಿ."

ಯಾವುದು ಸತ್ತಿದೆ ಎಂದು ಬೆರಳು ತೋರಿಸುವವರು ಅವರೇ. ನನಗೇನು ಗೊತ್ತು? ಚಿತ್ರಗಳಲ್ಲಿ ಅಣಬೆಯಂತೆ ಅರಳಿ ನಿಂತಿರುವ ಹವಳ, ಚೀಲದಿಂದ ಹೊರಬಂದಾಗ ಹಿಂಡಿ ಬಿಸಾಕಿದ ಒರೆಸುಬಟ್ಟೆಯಂತಿರುತ್ತದೆ. ಮೈಯೆಲ್ಲ ಸುಕ್ಕು, ಲೋಳೆ. ಅವರು ಸತ್ತಿದೆ ಎಂದರೆ ಸತ್ತಿದೆ.

ನಿನ್ನ ಪತ್ರ ಬಂದ ಮೇಲೆ ನನಗೆ ಎಲ್ಲರ ಮೇಲೂ ಗುಮಾನಿ. ಮೊದಲು ಬಂದದ್ದು ನಿನ್ನ ಮೇಲೆಯೇ. ಹಾಲು ಉಕ್ಕಿಸುವವಳು, ಬೀಗದ ಕೈ ಬಾಗಿಲಲ್ಲೇ ಬಿಟ್ಟು ಹೋಗುವವಳು, ಹವಳವನ್ನು ಸರಿಯಾಗಿ ಕಟ್ಟಿಯಾಳೇ ಎಂದುಕೊಂಡೆ. ಆಮೇಲೆ ಉಪ್ಪಣ್ಣನ ಮೇಲೆ. ನಮ್ಮ ಅಂಗಡಿಯ ತೊಟ್ಟಿಗಳಿಗೆ ಉಪ್ಪುನೀರು ಕಲಸುವವನಾದ್ದರಿಂದ ಆ ಹೆಸರು. ಸತ್ತವುಗಳನ್ನು ಬಕೆಟ್ಟಿನಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಹಿಂದಿನ ಕೋಣೆಗೆ ಒಯ್ಯುತ್ತಾನೆ. ಆ ಕೋಣೆಗೆ ಸದಾ ಬೀಗ. ಸತ್ತದ್ದಕ್ಕೆ ಬೀಗವೇಕೆ? ನಾಚಿಕೆ ಬಿಟ್ಟು ನಾಲ್ಕು ದಿನ ಅಂಗಡಿಯ ಕಸದ ಡಬ್ಬಿಯಲ್ಲಿ ಬಗ್ಗಿ ನೋಡಿದೆ. ಒಂದೇ ಒಂದು ಹವಳವಿಲ್ಲ. ಸತ್ತ ಹವಳ ಬೀದಿಗೆಲ್ಲ ನಾರುತ್ತದಂತೆ. ನಮ್ಮ ಅಂಗಡಿ ಯಾವತ್ತೂ ನಾರಿದ್ದಿಲ್ಲ.

ಒಂದು ದಿನ ಧೈರ್ಯ ಮಾಡಿದೆ. ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಹೆದರುವ ನಾನು!

"ಉಪ್ಪಣ್ಣ, ಸತ್ತಿದ್ದನ್ನೆಲ್ಲ ಏನ್ ಮಾಡ್ತೀರಿ?"

"ಮದುವೆ ಮಾಡ್ತೀನಿ. ನಿಮಗ್ಯಾಕಮ್ಮಾ ಇಲ್ಲದ ಉಸಾಬರಿ? ಬರೆಯೋರು ಬರೀತಾ ಇರಿ."

ಇವತ್ತು ಬೆಳಿಗ್ಗೆ ಉಪ್ಪಿನ ಮೂಟೆಗಳ ಗಾಡಿ ಬಂತು. ಇಳಿಸಲು ಹೋದ ಉಪ್ಪಣ್ಣ ಆ ಕೋಣೆಯ ಬಾಗಿಲು ತೆರೆದಿಟ್ಟೇ ಹೋಗಿದ್ದ. ಬೀಗ ಮರೆಯುವ ಆಸಾಮಿಯಲ್ಲ. ಮರೆತನೋ, ಬಿಟ್ಟುಹೋದನೋ, ನನಗೆ ಈಗಲೂ ತಿಳಿಯದು. ಒಳಗೆ ಹೋದೆ.

ನೀಲಿ ಬೆಳಕಿನ ಉದ್ದನೆಯ ತೊಟ್ಟಿಯಲ್ಲಿ ನನ್ನ ಸತ್ತವರೆಲ್ಲ ಇದ್ದರು. ಕೆಲವು ಇನ್ನೂ ಮುದುಡಿದ್ದವು. ಕೆಲವುಗಳ ಮೇಲೆ ಮೇಣದಂಥ ಒಂದು ಪೊರೆ, ಹಾಲಿನ ಕೆನೆಯ ಹಾಗೆ ಅಂಚಿನಿಂದ ಏಳುತ್ತಿತ್ತು. ಉಳಿದವು ಪೂರ್ತಿ ಅರಳಿ, ನೂರಾರು ಸಣ್ಣ ಬೆರಳುಗಳನ್ನು ನೀರಿನಲ್ಲಿ ಆಡಿಸುತ್ತಿದ್ದವು. ಅವುಗಳಲ್ಲೊಂದರ ಬುಡದ ಕಲ್ಲಿಗೆ ಆ ದಾರವಿತ್ತು. ಮೂಲೆ ಮುರಿದ ಕಲ್ಲು. ಹೋದ ಸೋಮವಾರದ ಹಿಂದಿನ ಸೋಮವಾರ ಅದರ ಸಾವಿನ ಫೋಟೋ ತೆಗೆದವಳು ನಾನೇ. ಚೀಲದ ನಂಬರು ಏಳು.

"ನೋಡಿದ್ರಾ?" ಉಪ್ಪಣ್ಣ ಹಿಂದೆಯೇ ನಿಂತಿದ್ದ.

"ಇದು ಸತ್ತಿತ್ತಲ್ಲ?"

"ಸತ್ತಿದ್ರೆ ಮುಟ್ಟಿದ ಕೂಡಲೇ ಬೆಣ್ಣೆ ಥರ ಕರಗುತ್ತೆ, ಮೂಗು ಬಿಡೋಕಾಗಲ್ಲ. ಇದು ಬಂದ ದಿನವೇ ಗಟ್ಟಿಯಾಗಿತ್ತು. ಒಂದೂವರೆ ದಿನ ಕತ್ತಲಲ್ಲಿ, ಚೀಲದಲ್ಲಿ ಬಂದಿರುತ್ತೆ. ಮೈಯೊಳಗಿನ ನೀರೆಲ್ಲ ಹೊರಗೆ ಹಾಕಿ, ಬೆರಳೆಲ್ಲ ಒಳಗೆಳೆದು, ಲೋಳೆ ಹೊದ್ದು ಮಲಗಿಬಿಡುತ್ತೆ. ಹೊಸ ನೀರಿಗೆ ಬಿಟ್ರೂ ನಂಬಲ್ಲ. ಒಂದು ವಾರ, ಹತ್ತು ದಿನ ಮುಸುಕು ತೆಗೆಯಲ್ಲ. ನೀರು ಸ್ವಲ್ಪ ಜೋರಾಗಿ ಹರಿಸಿ ಸುಮ್ನೆ ಬಿಟ್ಟರೆ, ದಾರಿಯ ಕೊಳೆನೆಲ್ಲ ಆ ಪೊರೆ ಜೊತೆ ಕಳಚಿಕೊಂಡು ತಾನೇ ಏಳುತ್ತೆ. ಅದರ ಕೆಲಸ ಅದಕ್ಕೆ ಗೊತ್ತು. ನಮ್ಮದು ಬರೀ ಸುಮ್ನಿರೋದು."

ದಾರವನ್ನು ತೋರಿಸಿ ಹೇಳಿದ: "ಈ ದಾರ ಕಟ್ಟೋ ಹೆಂಗಸಿದ್ದಾಳಲ್ಲ, ಅವಳದ್ದು ಒಂದೂ ಸತ್ತಿಲ್ಲ. ಥರ್ಮಾಕೋಲ್ ತುಂಡಿಗೆ ಕಟ್ಟಿ ತಲೆಕೆಳಗಾಗಿ ತೇಲಿಬಿಡ್ತಾಳೆ, ಪ್ಲಾಸ್ಟಿಕ್ಕಿಗೆ ಮೈ ಉಜ್ಜಲ್ಲ. ಗಂಟಿಲ್ಲ, ಬಿಚ್ಚೋವಾಗ ಬುಡ ಹರಿಯಲ್ಲ. ಕೈ ಅಂದ್ರೆ ಕೈ."

"ಮತ್ತೆ ಯಾವಾಗಲೂ ಏಳನೇದೇ ಯಾಕೆ ಸತ್ತಿದೆ ಅಂತಾರೆ?"

ಅವನು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದ. "ಬೇರೆಯವರು ಕಟ್ಟಿದ್ದು ಆಮೇಲೆ ನಿಜವಾಗಿಯೂ ಸತ್ತುಹೋದ್ರೆ ಮಾಲೀಕರಿಗೇನಮ್ಮಾ ಲಾಭ? ಗ್ಯಾರಂಟಿ ಬದುಕೋದನ್ನೇ ಸತ್ತಿದೆ ಅನ್ನಬೇಕು. ಆಗ ಇದೂ ಉಳೀತು, ಬದಲಿನೂ ಬಂತು."

ಇದು ನಿನ್ನ ಪ್ರಶ್ನೆಗೆ ಉತ್ತರ ಅಕ್ಕಾ. ನಿನ್ನ ಕೈ ಕೆಟ್ಟಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೇ ನಿನ್ನ ಕುತ್ತಿಗೆಗೆ ಬಂದಿದೆ.

ನೀನು ನನ್ನ ಅಕ್ಕ ಎಂದು ಉಪ್ಪಣ್ಣನಿಗೆ ಹೇಳಲಿಲ್ಲ. ಇಷ್ಟು ದಿನ ಬಾಯಿ ಬಿಡದವನು ಇವತ್ತೇ ಏಕೆ ಹೇಳಿದ? ನಾಳೆ ಸಿಕ್ಕಿಬಿದ್ದರೆ ತಾನು ಜಾರಿಕೊಳ್ಳಲೋ ಏನೋ. ನಾನು ಅರಳಿದ ಹವಳಗಳ ಫೋಟೋ ತೆಗೆಯುವಾಗ ಮಾತ್ರ ಅವನು ಗೋಡೆಯ ಕಡೆ ತಿರುಗಿ, ಕಲಸಿಟ್ಟಿದ್ದ ಉಪ್ಪನ್ನೇ ಮತ್ತೆ ಕಲಸುತ್ತಿದ್ದ.

ಅಮ್ಮನಿಗೆ ಏನೂ ಹೇಳಿಲ್ಲ. ನಾನು ಬರೆಯುತ್ತಿರುವುದನ್ನು ನೋಡಿ, "ಚೆನ್ನಾಗಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡ್ಲಿ, ದಿನವಿಡೀ ನೀರಲ್ಲಿ ಕೈ ಇಟ್ಕೊಂಡು ಕೂರಬೇಡ ಅಂತ ಬರಿ" ಎಂದಳು. ಬರೆದಿದ್ದೇನೆ. ಆ ಕೊನೆಯ ಮಾತನ್ನು ನೀನು ಹೇಗೆ ಪಾಲಿಸುತ್ತೀಯೋ ನಿನಗೇ ಬಿಟ್ಟದ್ದು.

ನಿನ್ನ,
ಜಡೆಯವಳು

ಮತ್ತೆ: ಮೇಲೆ ಬರೆಯದೆ ತಪ್ಪಿಸಿಕೊಂಡದ್ದು ಇದು. ಮಾಲೀಕರು ಬರೆಸಿದ್ದು "ಹವಳ ಸತ್ತಿದೆ" ಎಂದಷ್ಟೇ. ವಾಕ್ಯ ಬೋಳಾಗಿ ಕಂಡಿತು. "ಕಟ್ಟಿದವರ ಅಜಾಗರೂಕತೆಯಿಂದ" ಎಂದು ಮುಂದೆ ಸೇರಿಸಿದವಳು ನಾನು. ಯಾರೂ ಹೇಳಿರಲಿಲ್ಲ. ಅವರು ಭೇಷ್ ಅಂದರು, ನಾನು ಅವತ್ತೆಲ್ಲ ಹಿಗ್ಗಿದ್ದೆ. ಆಮೇಲೆ ಪ್ರತಿ ವರದಿಯಲ್ಲೂ ಅದನ್ನೇ ಬರೆದೆ. ನಿನ್ನ ಪತ್ರ ಓದಿದ ಮೇಲೂ ಮೂರು ಸೋಮವಾರ ಬರೆದೆ ಅಕ್ಕಾ, ಏಳು ನೀನೇ ಎಂದು ಗೊತ್ತಿದ್ದೂ. ತಪ್ಪು ನಿನ್ನದೇ ಇರಬೇಕು ಎಂದುಕೊಂಡರೆ, ಬರೆಯುವುದಿಲ್ಲ ಎಂದು ಅವರೆದುರು ನಿಂತು ಹೇಳುವ ಕಷ್ಟ ತಪ್ಪುತ್ತಿತ್ತು.

ನಿಮ್ಮ ಮೇಡಂಗೆ ಬರೆದ ಪತ್ರ ಈ ಲಕೋಟೆಯ ಪಕ್ಕದಲ್ಲೇ ಇದೆ, ಮುದುಡಿದಾಗಿನ, ಅರಳಿದಾಗಿನ ಎರಡೂ ಸಲದ ಫೋಟೋಗಳೊಂದಿಗೆ. ಆ ಎರಡು ಪದ ನನ್ನವು ಎಂದು ಅದರಲ್ಲಿ ಬರೆದಿದ್ದೇನೆ. ಇದುವರೆಗಿನ ವರದಿಗಳ ಕೆಳಗೆ ಅಂಗಡಿಯ ಮೊಹರು ಮಾತ್ರ ಇರುತ್ತಿತ್ತು. ಇದರ ಕೆಳಗೆ ನನ್ನ ಹೆಸರಿದೆ. ಸೋಮವಾರ ಬೆಳಿಗ್ಗೆ ಎರಡನ್ನೂ ಅಂಚೆಗೆ ಹಾಕಿ, ಎಂದಿನಂತೆ ಕೆಲಸಕ್ಕೆ ಹೋಗುತ್ತೇನೆ. ಪೆಟ್ಟಿಗೆ ತೆರೆದು ಮಾಲೀಕರು ಏಳನೆಯದಕ್ಕೆ ಬೆರಳು ತೋರಿಸಿದಾಗ, ಬರೆಯುವ ಮೊದಲು ಅದನ್ನು ಮುಟ್ಟಿ ನೋಡುತ್ತೇನೆ, ಅವರ ಎದುರಿಗೇ.