ಕಿಟಕಿಯಲ್ಲಿ ದೀಪವಿಡಿ

ಟ್ಯಾಮರಾಕ್ ವಲಯದ ಪೋಷಕರೇ,

ನಿಮ್ಮ ಫೋನಿಗೆ ಕಳಿಸುವ ಈ ಜನವರಿ ಪತ್ರದಲ್ಲಿ ಐಸ್ ಹಾಕಿಯ ಸುದ್ದಿ ಬರೆಯಬೇಕಿತ್ತು, ಅದು ಹಾಗಿರಲಿ. ಹಿಮಗಾಳಿಗೆ ಹೆದರಿ ಇಂದು ಮಕ್ಕಳನ್ನು ಬೇಗ ಮನೆಗೆ ಕಳಿಸಿದೆ. ಏಳನೇ ಬಸ್ಸಿನ ಮಕ್ಕಳು ಇನ್ನೂ ಮನೆ ಮುಟ್ಟಿಲ್ಲ.

ಚಾಲಕಿ ಲೊರ್ನಾ ವೈರ್‌ಲೆಸ್‌ನಲ್ಲಿ ಕೊನೆಗೆ ಹೇಳಿದ್ದು ಇಷ್ಟು: "ಕರೆಂಟ್ ಹೋಗಿದೆ, ಯಾರ ಮನೇಲೂ ಬೆಳಕಿಲ್ಲ. ಎಷ್ಟಾದ್ರೂ ಬೈರಿ ಸಾರ್, ದೀಪ ಕಾಣದ ಮನೆ ಮುಂದೆ ನಾನು ಮಗೂನ ಇಳಿಸೋವಳೇ ಅಲ್ಲ."

ಆದ್ದರಿಂದ ಲಾಟೀನೋ ಮೇಣದಬತ್ತಿಯೋ ಕಿಟಕಿಯಲ್ಲಿಡಿ. ಬಸ್ಸು ಯಾರ ಬಾಗಿಲಿಗೆ ಬಂದರೂ ಎಲ್ಲ ಮಕ್ಕಳನ್ನೂ ಒಳಗೆ ಕರೆದುಕೊಳ್ಳಿ. ಹುಡುಕಲು ಮಾತ್ರ ಕಾರು ತೆಗೆಯಬೇಡಿ. ಕಣ್ಣು ಕಾಣದ ಈ ಹಿಮದಲ್ಲಿ ನೀವೇ ಬಸ್ಸಿಗೆ ಗುದ್ದೀರಿ.

ನನ್ನ ಮಗಳು ಸಿಗ್ನೆಯೂ ಅದೇ ಬಸ್ಸಿನಲ್ಲಿದ್ದಾಳೆ. ನನ್ನ ಕಾರಿನ ಕೀಲಿಯನ್ನು ಶಾಲೆಯಲ್ಲಿ ಅಡುಗೆ ಮಾಡುವ ಮಾರ್ಗಿಗೆ ಕೊಟ್ಟು, ನಾನು ಕಾಲು ಹಿಡಿದರೂ ಕೊಡಬೇಡ ಎಂದಿದ್ದೆ. ಈಗಾಗಲೇ ಒಮ್ಮೆ ಹಿಡಿದೆ, ಕೊಡಲಿಲ್ಲ.

ನಿಮ್ಮೊಡನೆ ಕಾಯುತ್ತಿರುವ,
ಆರ್ನೆ ಲುಂಡ್‌ಕ್ವಿಸ್ಟ್
ಶಾಲಾ ವಲಯದ ಮುಖ್ಯಸ್ಥ